ದಂಡಧರನಿಲ್ಲದ ಧರ್ಮ

ದಂಡವಿಲ್ಲದ ದೇಶದಲ್ಲಿ ಮತ್ಸ್ಯನ್ಯಾಯವು ತಲೆಯೆತ್ತುವುದೆಂಬುದು ರಾಜನೀತಿಯನ್ನು ವಿಚಾರಿಸಿದ ಪ್ರಾಚೀನರ ಸಾಮಾನ್ಯವಾದ ಅಭಿಪ್ರಾಯ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲಿಷ್ಠನು ದುರ್ಬಲನನ್ನು ನುಂಗುವನು. ಆದಕಾರಣ ಪ್ರಜೆಗಳ ನಡುವೆ ದಂಡವನ್ನು ಹಿಡಿದವನೊಬ್ಬನು ನಿಂತಿರಬೇಕು. ಕೌಟಿಲ್ಯನ ಅರ್ಥಶಾಸ್ತ್ರವೂ ಮಹಾಭಾರತದ ಶಾಂತಿಪರ್ವವೂ ಈ ಮಾತನ್ನು ಒಪ್ಪುತ್ತವೆ. ಆದರೆ ಅದೇ ಶಾಂತಿಪರ್ವದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ಇನ್ನೊಂದು ಸಂಗತಿಯನ್ನೂ ತಿಳಿಸುತ್ತಾನೆ. ಅರಸೊತ್ತಿಗೆಯು ಹುಟ್ಟುವುದಕ್ಕೆ ಮೊದಲು ಜನರು ಕೇವಲ ಧರ್ಮಬುದ್ಧಿಯಿಂದ ಪರಸ್ಪರ ಕಾಪಾಡಿಕೊಂಡಿದ್ದ ಕಾಲವೊಂದಿತ್ತೆಂದೂ, ಅದನ್ನು ಕೆಡಿಸಿದುದು ಮೊದಲು ಮೋಹ, ಅನಂತರ ಲೋಭವೆಂದೂ ಅವನ ಮಾತಿನ ತಾತ್ಪರ್ಯ.

ಈ ಎರಡರಲ್ಲಿ ಯಾವುದನ್ನು ಪ್ರಮಾಣವೆಂದು ಹಿಡಿಯಬೇಕು? ಕಾವಲುಗಾರನಿಲ್ಲದ ಸಾಮಾನ್ಯ ಸ್ವತ್ತು ಬಳಸುವವರ ಸಂಯಮದಿಂದಲೇ ಉಳಿದುಕೊಳ್ಳುವುದು ಸಾಧ್ಯವೆ? ಅಥವಾ ಅದು ಕೃತಯುಗಕ್ಕೆ ಮಾತ್ರ ಸಲ್ಲತಕ್ಕ ಮಾತೆ? 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿದ್ವಾಂಸರು ಗೋಮಾಳದ ದೃಷ್ಟಾಂತವನ್ನು ಮುಂದಿಟ್ಟು, ಎಲ್ಲರಿಗೂ ಸೇರಿದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡುತ್ತ ಹೋಗುವನೆಂದೂ, ಕಡೆಗೆ ಹುಲ್ಲೂ ಉಳಿಯದು, ದನವೂ ಉಳಿಯದು ಎಂದೂ ವಾದಿಸಿದರು. 1990ರಲ್ಲಿ ಎಲಿನೋರ್ ಆಸ್ಟ್ರೋಮ್ ಎಂಬ ವಿದುಷಿ ಈ ವಾದಕ್ಕೆ ಪ್ರತಿಯಾಗಿ, ನೀರಿನ ಕಾಲುವೆ, ಅಡವಿ, ಮೀನುಗಾರಿಕೆಯ ನೆಲೆ ಮುಂತಾದುವನ್ನು ಬಳಸುವವರೇ ಕಟ್ಟಳೆಗಳನ್ನು ಮಾಡಿಕೊಂಡು ತಲೆಮಾರುಗಳವರೆಗೆ ಉಳಿಸಿಕೊಂಡು ಬಂದಿರುವ ನಿದರ್ಶನಗಳನ್ನು ಸಂಗ್ರಹಿಸಿ ತೋರಿಸಿದರು. ಈ ಪರಿಶ್ರಮಕ್ಕಾಗಿ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಆ ನಿದರ್ಶನಗಳಲ್ಲಿ ಬಳಸುವವರು ಒಬ್ಬರ ಮುಖವನ್ನೊಬ್ಬರು ಬಲ್ಲವರು. ಪಾಳಿ ತಪ್ಪಿಸಿ ನೀರು ಕಟ್ಟಿಕೊಂಡವನು ಮರುದಿನ ಅರಳಿಕಟ್ಟೆಯ ಮುಂದೆ ಹಾದುಹೋಗಬೇಕು; ಆ ನಾಚಿಕೆಯೇ ಅರ್ಧ ದಂಡವಾಯಿತು. ಮುಖಪರಿಚಯವಿಲ್ಲದವರು, ಎಂದೂ ಭೇಟಿಯಾಗದವರು, ಒಬ್ಬರ ಹೆಸರನ್ನೊಬ್ಬರು ಅರಿಯದವರು ಒಂದು ಸ್ವತ್ತನ್ನು ಹಂಚಿಕೊಳ್ಳಬೇಕಾದಾಗ ಏನಾಗುವುದು? ಪ್ರಶ್ನೆಯ ಗಟ್ಟಿಯಾದ ಗಂಟು ಇಲ್ಲಿದೆ.

ಈ ಪ್ರಶ್ನೆಗೆ ಸಾಕ್ಷಿಯಾಗಬಲ್ಲ ಒಂದು ವ್ಯವಸ್ಥೆಯು ಇಂದು ಪ್ರಾಯಶಃ ಪ್ರತಿಯೊಂದು ಸುಶಿಕ್ಷಿತ ಕುಟುಂಬದಲ್ಲಿಯೂ ಬಳಕೆಯಲ್ಲಿದೆ. ಅದು ಗಣಕಯಂತ್ರಗಳ ಜಾಲ. ದಿನವೂ ಬಳಸುವವರಲ್ಲಿಯೂ ಅದರ ಒಳಗಿನ ನಡವಳಿಕೆಯನ್ನು ಬಲ್ಲವರು ವಿರಳರಾದುದರಿಂದ ಅದನ್ನು ಸ್ವಲ್ಪ ವಿವರಿಸುವುದು ಅವಶ್ಯ.

ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತನಾಡುವಾಗ ಅವರಿಬ್ಬರಿಗಾಗಿಯೇ ಒಂದು ದಾರಿಯನ್ನು ಕೊನೆಯತನಕ ಮೀಸಲಿಡುತ್ತಿದ್ದರು. ಅವರು ಸುಮ್ಮನಿದ್ದರೂ ಆ ದಾರಿ ಅವರದೇ. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್, ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಎಂಬವರು ಬೇರೆ ಬೇರೆಯಾಗಿ ಯೋಚಿಸಿ ಮತ್ತೊಂದು ಮಾರ್ಗವನ್ನು ಕಂಡುಹಿಡಿದರು. ಸಂದೇಶವನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ಒಡೆದು, ಒಂದೊಂದರ ಮೇಲೆಯೂ ತಲಪಬೇಕಾದ ವಿಳಾಸವನ್ನು ಬರೆದು, ಎಲ್ಲರಿಗೂ ಸಾಧಾರಣವಾದ ಒಂದೇ ದಾರಿಯಲ್ಲಿ ಬಿಡುವುದು ಆ ಮಾರ್ಗ. ಈ ಕಟ್ಟುಗಳಿಗೆ ಪ್ಯಾಕೆಟ್ಟುಗಳೆಂದು ಹೆಸರು. 1969ರಲ್ಲಿ ಅಮೆರಿಕದಲ್ಲಿ ಆರ್ಪಾನೆಟ್ ಎಂಬ ಜಾಲವು ಈ ಕ್ರಮದಿಂದ ಆರಂಭವಾಯಿತು. 1974ರಲ್ಲಿ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬವರು ಬೇರೆ ಬೇರೆ ಜಾಲಗಳನ್ನು ಒಂದಾಗಿ ಹೆಣೆಯುವ ನಿಯಮಗಳನ್ನು ಪ್ರಕಟಿಸಿದರು. 1983ರ ಜನವರಿ 1ರಂದು ಆರ್ಪಾನೆಟ್ ಆ ನಿಯಮಗಳಿಗೆ ಬದಲಾಯಿತು. ಇಂದಿನ ಅಂತರಜಾಲವು ಅದರ ಸಂತತಿ.

ಈ ರಚನೆಯಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ದಾರಿಗಳು ಕೂಡುವ ಕವಲುಗಳಲ್ಲಿ ರೌಟರ್ ಎಂಬ ಯಂತ್ರಗಳಿರುತ್ತವೆ. ಅವು ಬಂದ ಪ್ಯಾಕೆಟ್ಟಿನ ವಿಳಾಸವನ್ನು ನೋಡಿ ಮುಂದಕ್ಕೆ ಕಳುಹಿಸುವುವು. ಹೊರೆ ಹೆಚ್ಚಾದರೆ ಸ್ವಲ್ಪ ಕಾಲ ಸಾಲಿನಲ್ಲಿ ನಿಲ್ಲಿಸುವುವು. ಸಾಲೂ ತುಂಬಿದರೆ ಹೊಸದಾಗಿ ಬಂದುದನ್ನು ಬಿಸುಟುಬಿಡುವುವು. ಯಾರು ಎಷ್ಟು ಕಳುಹಿಸಬೇಕೆಂದು ನಿರ್ಣಯಿಸುವ ಅಧಿಕಾರವನ್ನು ಆ ಮೂಲ ರಚನೆಯಲ್ಲಿ ಅವುಗಳಿಗೆ ಕೊಟ್ಟಿರಲಿಲ್ಲ. ಕೆರೆಗೆ ನೀರುಗಂಟಿಯಿರುವಂತೆ ಈ ಜಾಲಕ್ಕೆ ತೂಬನ್ನು ಎತ್ತಿ ಇಳಿಸುವವನು ಇರಲಿಲ್ಲ. ಕಳುಹಿಸುವವನೇ ತನ್ನ ಪಾಲನ್ನು ತಾನೇ ಅಳೆದುಕೊಳ್ಳಬೇಕು.

ಇಂಥ ಸ್ವಯಂನಿಯಂತ್ರಣದ ಒಂದು ಸಣ್ಣ ಪ್ರಯೋಗವು ಅದಕ್ಕೆ ಮೊದಲೇ ನಡೆದಿತ್ತು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮುಂತಾದವರು ದ್ವೀಪಗಳ ನಡುವಿನ ಗಣಕಗಳನ್ನು ರೇಡಿಯೋ ಅಲೆಗಳ ಮೂಲಕ ಜೋಡಿಸಿದರು. ಎಲ್ಲ ಗಣಕಗಳಿಗೂ ಮಾತನಾಡಲು ಒಂದೇ ಅಲೆ. ಇಬ್ಬರು ಏಕಕಾಲದಲ್ಲಿ ನುಡಿದರೆ ಎರಡು ಮಾತೂ ಕೆಡುತ್ತಿದ್ದುವು. ಆಗ ಇಬ್ಬರೂ ತಮತಮಗೆ ತೋರಿದಷ್ಟು ಹೊತ್ತು ಕಾದು ಮತ್ತೆ ನುಡಿಯುತ್ತಿದ್ದರು. ಮನಬಂದಾಗ ನುಡಿಯುವ ಈ ಕ್ರಮದಲ್ಲಿ ದಾರಿಯ ಶಕ್ತಿಯ ನೂರರಲ್ಲಿ ಸುಮಾರು 18 ಪಾಲಿಗಿಂತ ಹೆಚ್ಚು ಪ್ರಯೋಜನಕ್ಕೆ ಬಾರದೆಂದು ಗಣಿತದಿಂದ ಸಿದ್ಧವಾಯಿತು. 1973ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬವರು ಈಥರ್ನೆಟ್ ಎಂಬ ತಂತಿಯ ಜಾಲವನ್ನು ರಚಿಸುವಾಗ ಅದನ್ನೇ ತಿದ್ದಿದರು. ನುಡಿಯುವ ಮೊದಲು ಬೇರೆ ಯಾರಾದರೂ ನುಡಿಯುತ್ತಿರುವರೋ ಎಂದು ಕಿವಿಗೊಡಬೇಕು. ನುಡಿಯುತ್ತಿರುವಾಗ ಘರ್ಷಣೆಯಾದರೆ ಕೂಡಲೆ ನಿಲ್ಲಿಸಬೇಕು. ಮತ್ತೆ ಮತ್ತೆ ಘರ್ಷಣೆಯಾದಷ್ಟೂ ಕಾಯುವ ಅವಧಿಯ ಮೇರೆಯನ್ನು ಇಮ್ಮಡಿಸುತ್ತ ಹೋಗಬೇಕು. ಅಧ್ಯಕ್ಷನಿಲ್ಲದ ಸಭೆಯಲ್ಲಿ ಸುಸಂಸ್ಕೃತರು ನಡೆದುಕೊಳ್ಳುವ ರೀತಿಯೂ ಇದಕ್ಕಿಂತ ಬೇರೆಯಲ್ಲ. ಆದರೆ ಅದು ಒಂದು ಕಟ್ಟಡದೊಳಗಿನ ಸಭೆ. ಜಗತ್ತಿನಷ್ಟು ವಿಸ್ತಾರವಾದ ಸಭೆಯಲ್ಲಿ ಒಬ್ಬರು ನುಡಿಯುವುದು ಮತ್ತೊಬ್ಬರಿಗೆ ಕೇಳಿಸುವುದೇ ಇಲ್ಲ.

ಅಂತಹ ಸಭೆಗೆ ಮೊದಲ ವಿಪತ್ತು ಬಂದುದು 1986ರ ಅಕ್ಟೋಬರಿನಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಲಾರೆನ್ಸ್ ಪ್ರಯೋಗಾಲಯವೂ ವಿಶ್ವವಿದ್ಯಾಲಯವೂ ಒಂದರಿಂದೊಂದು ಕೇವಲ 400 ಗಜಗಳ ದೂರದಲ್ಲಿವೆ. ಅವುಗಳ ನಡುವೆ ಸೆಕೆಂಡಿಗೆ 32,000 ಬಿಟ್ಟುಗಳಂತೆ ಹರಿಯುತ್ತಿದ್ದ ಸಂದೇಶಪ್ರವಾಹವು ಇದ್ದಕ್ಕಿದ್ದಂತೆ ಸೆಕೆಂಡಿಗೆ 40 ಬಿಟ್ಟುಗಳಿಗೆ ಇಳಿಯಿತು. ಸೆಕೆಂಡಿಗೆ 4,000 ಇಂಗ್ಲಿಷ್ ಅಕ್ಷರಗಳು ಸಾಗುತ್ತಿದ್ದೆಡೆಯಲ್ಲಿ 5 ಅಕ್ಷರಗಳು ಸಾಗಿದುವೆಂದು ಇದರ ಅರ್ಥ. ಎರಡು ಪುಟಗಳ ಬರಹವನ್ನು ಕೈಯಲ್ಲಿ ಹಿಡಿದು ನಡೆದುಹೋದವನು ಆ ದಿನಗಳಲ್ಲಿ ಯಂತ್ರಕ್ಕಿಂತ ಮೊದಲೇ ತಲಪುತ್ತಿದ್ದನು. ತಂತಿ ಕಡಿದಿರಲಿಲ್ಲ; ಯಂತ್ರ ಕೆಟ್ಟಿರಲಿಲ್ಲ; ದುಷ್ಟನೊಬ್ಬನು ಹೊಕ್ಕಿರಲಿಲ್ಲ. ಹಾಗಾದರೆ ಕಾರಣವೇನು?

ಪ್ಯಾಕೆಟ್ಟನ್ನು ಕಳುಹಿಸಿದ ಗಣಕವು ಅದು ತಲಪಿತೆಂಬ ಮರುಸೂಚನೆಗಾಗಿ ಕಾಯುತ್ತದೆ. ನಿಯಮಿತ ಕಾಲದೊಳಗೆ ಸೂಚನೆ ಬಾರದಿದ್ದರೆ ಪ್ಯಾಕೆಟ್ಟು ದಾರಿಯಲ್ಲಿ ಕಳೆದುಹೋಯಿತೆಂದು ತಿಳಿದು ಅದನ್ನೇ ಮತ್ತೆ ಕಳುಹಿಸುತ್ತದೆ. ಇದು ಕರ್ತವ್ಯನಿಷ್ಠೆಯೇ ಹೊರತು ಅನ್ಯಾಯವಲ್ಲ. ಆದರೆ ಹೊರೆ ಹೆಚ್ಚಾದಾಗ ಕವಲಿನ ಸಾಲುಗಳು ಉದ್ದವಾಗಿ ಪ್ಯಾಕೆಟ್ಟುಗಳು ಕಳೆದುಹೋಗದೆ ಕೇವಲ ತಡವಾದುವು. ಗಣಕಗಳು ಆ ತಡವನ್ನೇ ನಷ್ಟವೆಂದು ಭ್ರಮಿಸಿದುವು. ಇದ್ದುದರ ಮೇಲೆ ಅದರದೇ ಪ್ರತಿಯನ್ನು ಹೇರಿದುವು. ಸಾಲು ಇನ್ನೂ ಬೆಳೆಯಿತು, ತಡ ಇನ್ನೂ ಹೆಚ್ಚಿತು, ಪ್ರತಿಗಳು ಇನ್ನೂ ಬಂದುವು. ಕಡೆಗೆ ದಾರಿಯ ತುಂಬ ಹಿಂದೆ ತಲಪಿದುದರ ಪ್ರತಿಗಳೇ ಓಡಾಡತೊಡಗಿದುವು. ಹಗ್ಗವನ್ನು ಹಾವೆಂದು ಕಂಡವನು ಓಡಿದರೆ ಅವನೊಬ್ಬನೇ ಬೀಳುವನು; ಇಕ್ಕಟ್ಟಿನ ಓಣಿಯಲ್ಲಿ ನೂರು ಜನ ಹಾಗೆ ಓಡಿದರೆ ತುಳಿತಕ್ಕೆ ಸಿಕ್ಕುವುದು ನಿಶ್ಚಯ. ಇಂಥ ವಿಪತ್ತು ಸಂಭವಿಸಬಹುದೆಂದು ಜಾನ್ ನೇಗಲ್ ಎಂಬವರು 1984ರಲ್ಲಿಯೇ ಎಚ್ಚರಿಕೆ ಕೊಟ್ಟಿದ್ದರು.

ಭೀಷ್ಮನ ಮಾತಿನಲ್ಲಿ ಲೋಭಕ್ಕೆ ಮೊದಲು ಮೋಹವು ಏಕೆ ಬಂದಿತೆಂಬುದು ಇಲ್ಲಿ ತಿಳಿಯಾಗುತ್ತದೆ. ಸಾಮಾನ್ಯ ಸ್ವತ್ತು ಕೆಡಬೇಕಾದರೆ ಕೆಟ್ಟವರು ಬೇಕೇ ಬೇಕೆಂಬ ನಿಯಮವಿಲ್ಲ. ಪ್ರತಿಯೊಬ್ಬನೂ ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತ, ತನ್ನ ಶ್ರದ್ಧೆಯೇ ಇತರರಿಗೆ ಹೊರೆಯಾಗಿರುವುದನ್ನು ಕಾಣದಿದ್ದರೆ ಅಷ್ಟೇ ಸಾಕು.

ಇದಕ್ಕೆ ಪರಿಹಾರವನ್ನು ಕಂಡವರು ಆ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಮತ್ತು ವಿಶ್ವವಿದ್ಯಾಲಯದ ಮೈಕೇಲ್ ಕ್ಯಾರೆಲ್ಸ್. 1988ರಲ್ಲಿ ಪ್ರಕಟವಾದ ಅವರ ವಿಚಾರದ ಸಾರವನ್ನು ಹೀಗೆ ಸಂಗ್ರಹಿಸಬಹುದು. ಹಳೆಯ ಪ್ಯಾಕೆಟ್ಟೊಂದು ಜಾಲದಿಂದ ಹೊರಬಿದ್ದಿತೆಂದು ತಿಳಿದ ಮೇಲೆ ಹೊಸದೊಂದನ್ನು ಒಳಗೆ ಬಿಡಬೇಕು. ಆರಂಭದಲ್ಲಿ ಅಲ್ಪವಾಗಿ ತೊಡಗಿ ದಾರಿಯ ಶಕ್ತಿಯನ್ನು ಪರೀಕ್ಷಿಸಬೇಕು. ಎಲ್ಲವೂ ಸುಗಮವಾಗಿರುವಾಗ ತನ್ನ ಪಾಲನ್ನು ಒಂದೊಂದಾಗಿ ಮಾತ್ರ ಏರಿಸಬೇಕು. ಪ್ಯಾಕೆಟ್ಟು ಕಳೆದುಹೋದ ಸೂಚನೆ ಬಂದರೆ ದಾರಿಯು ತುಂಬಿದೆಯೆಂದು ತಿಳಿದು ತನ್ನ ಪಾಲನ್ನು ಒಮ್ಮೆಗೇ ಅರ್ಧಕ್ಕೆ ಇಳಿಸಬೇಕು. ಹಿಂದೆ ನಷ್ಟದ ಸೂಚನೆ ಬಂದಾಗ ಗಣಕವು ಇನ್ನಷ್ಟು ಕಳುಹಿಸುತ್ತಿತ್ತು; ಈಗ ಅದೇ ಸೂಚನೆ ಬಂದಾಗ ಹಿಂದೆ ಸರಿಯುತ್ತದೆ. ಸೂಚನೆಯು ಒಂದೇ, ಅದರ ಅರ್ಥವು ಬೇರೆಯಾಯಿತು. ಹಿಂದೆ ಅದರ ಅರ್ಥ ‘ನನಗೆ ನಷ್ಟವಾಯಿತು’ ಎಂದಿತ್ತು. ಈಗ ‘ನಾನು ಹೆಚ್ಚಾದೆನು’ ಎಂದಾಯಿತು. ಪರಿಹಾರದ ತಿರುಳೆಲ್ಲ ಈ ಅರ್ಥಾಂತರದಲ್ಲಿದೆ.

ಏರುವಾಗ ಒಂದೊಂದಾಗಿ, ಇಳಿಯುವಾಗ ಅರ್ಧಕ್ಕರ್ಧ ಎಂಬ ಈ ಕ್ರಮದಲ್ಲಿ ಇನ್ನೊಂದು ಗುಣವು ಅಡಗಿದೆ. ಅದನ್ನು ಗಣಿತದಿಂದ ತೋರಿಸಿದವರು ದಾ-ಮಿಂಗ್ ಚಿಯು ಮತ್ತು ರಾಜ್ ಜೈನ್, ವರ್ಷ 1989. ಈ ರಾಜ್ ಜೈನ್ ಅವರೂ, ಇದೇ ಕಾಲದಲ್ಲಿ ದಟ್ಟಣೆಯ ಮುನ್ಸೂಚನೆಯನ್ನು ಕುರಿತು ಅವರೊಡನೆ ದುಡಿದ ಕೆ. ಕೆ. ರಾಮಕೃಷ್ಣನ್ ಅವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರೆಂಬುದು ಕನ್ನಡ ವಾಚಕರಿಗೆ ಸಂತೋಷವನ್ನು ಕೊಡತಕ್ಕ ಸಂಗತಿ.

ಆ ಗಣಿತವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಒಂದು ದಾರಿಯು ಸೆಕೆಂಡಿಗೆ 100 ಪ್ಯಾಕೆಟ್ಟುಗಳನ್ನು ಸಾಗಿಸಬಲ್ಲುದೆಂದು ಭಾವಿಸೋಣ. ಅದರಲ್ಲಿ ಇಬ್ಬರು ಕಳುಹಿಸುತ್ತಿದ್ದಾರೆ. ಒಬ್ಬನದು 70, ಇನ್ನೊಬ್ಬನದು 30. ದಾರಿಯು ತುಂಬಿತು, ಇಬ್ಬರೂ ಅರ್ಧಕ್ಕೆ ಇಳಿದರು. ಈಗ ಒಬ್ಬನದು 35, ಇನ್ನೊಬ್ಬನದು 15. ಮತ್ತೆ ಇಬ್ಬರೂ ಒಂದೊಂದಾಗಿ ಏರಿದರು. 60 ಮತ್ತು 40 ಆಗುವಷ್ಟರಲ್ಲಿ ದಾರಿ ಮತ್ತೆ ತುಂಬಿತು. ಅರ್ಧಕ್ಕೆ ಇಳಿದು 30 ಮತ್ತು 20. ಪುನಃ ಏರಿ 55 ಮತ್ತು 45. ಮೊದಲು 40 ಇದ್ದ ಅಂತರವು 20 ಆಯಿತು, 10 ಆಯಿತು. ಹೀಗೆಯೇ ನಡೆದರೆ ಇಬ್ಬರೂ 50ರ ಹತ್ತಿರ ಬಂದು ನಿಲ್ಲುವರು. ಒಬ್ಬನು ಎಷ್ಟು ಪಡೆದಿರುವನೆಂದು ಇನ್ನೊಬ್ಬನಿಗೆ ತಿಳಿಯದು. ಇನ್ನೊಬ್ಬನು ಇರುವನೆಂಬುದೂ ತಿಳಿಯದು. ಆದರೂ ಸಮತೆಯುಂಟಾಯಿತು. ಅರ್ಧಕ್ಕೆ ಇಳಿಯುವ ಬದಲು ಇಬ್ಬರೂ ಸಮನಾಗಿ 20ನ್ನು ಬಿಟ್ಟುಕೊಡುವ ನಿಯಮವಿದ್ದಿದ್ದರೆ 50 ಮತ್ತು 10 ಆಗುತ್ತಿತ್ತು. ಅಂತರವು ಎಂದೆಂದಿಗೂ 40 ಆಗಿಯೇ ಉಳಿಯುತ್ತಿತ್ತು. ಬಿಡುವಾಗ ಇದ್ದುದಕ್ಕೆ ತಕ್ಕಂತೆ, ಪಡೆಯುವಾಗ ಎಲ್ಲರಂತೆ ಒಂದೊಂದು: ಈ ಕಟ್ಟಳೆಯಿಂದ ಉಳ್ಳವನ ತ್ಯಾಗವು ದೊಡ್ಡದಾಗುತ್ತದೆ, ಇಲ್ಲದವನ ತ್ಯಾಗವು ಚಿಕ್ಕದಾಗುತ್ತದೆ. ತಲಪಬೇಕಾದ ಸ್ಥಳವು ಸಮೀಪದಲ್ಲಿರುವವನು ದೂರದವನಿಗಿಂತ ಬೇಗಬೇಗನೆ ಏರುವುದರಿಂದ ವ್ಯವಹಾರದಲ್ಲಿ ಈ ಸಮತೆಯು ಸಂಪೂರ್ಣವಲ್ಲ ನಿಜ. ಆದರೂ ದಿಕ್ಕು ಅದೇ.

ಇಲ್ಲಿ ಪೂರ್ವಪಕ್ಷಗಳು ಏಳುತ್ತವೆ. ಮೊದಲನೆಯದು: ಗಣಕಯಂತ್ರವು ಜಡ, ಅದಕ್ಕೆ ಇಚ್ಛೆಯಿಲ್ಲ, ಪಾಪಪುಣ್ಯಗಳಿಲ್ಲ. ಅದು ಹಿಂದೆ ಸರಿದರೆ ಅದನ್ನು ಸಂಯಮವೆನ್ನುವುದು ಹೇಗೆ? ತಗ್ಗಿಗೆ ಹರಿಯುವ ನೀರನ್ನು ವಿನಯಶೀಲವೆಂದು ಹೊಗಳಿದಂತೆ ಆಗದೆ?

ಇದಕ್ಕೆ ಸಮಾಧಾನವೇನೆಂದರೆ, ನೀರಿಗೆ ಬೇರೆ ಗತಿಯಿಲ್ಲ. ಗಣಕಕ್ಕೆ ಬೇರೆ ಗತಿಯುಂಟು. ಹಿಂದೆ ಸರಿಯುವ ನಿಯಮವು ದಾರಿಯಲ್ಲಿರುವುದಲ್ಲ, ತುದಿಯಲ್ಲಿರುವ ಯಂತ್ರದೊಳಗಿನ ಬರಹದಲ್ಲಿರುವುದು. ಆ ಬರಹವನ್ನು ಬಲ್ಲವನು ಅದನ್ನು ಅಳಿಸಬಹುದು, ತಿದ್ದಬಹುದು. ಅಳಿಸಿದರೆ ಹಿಡಿಯುವವರು ಬಹುಮಟ್ಟಿಗೆ ಯಾರೂ ಇಲ್ಲ. ಆದಕಾರಣ ಇಲ್ಲಿ ಧರ್ಮಾಧರ್ಮಗಳ ಆಶ್ರಯವು ಯಂತ್ರವಲ್ಲ; ಅದನ್ನು ಬರೆದವನು ಮತ್ತು ಅದನ್ನು ಅಳಿಸಬಲ್ಲವನಾಗಿದ್ದೂ ಅಳಿಸದಿರುವವನು. ವ್ರತವನ್ನು ಹಿಡಿದವನು ಮಾನವನು. ಯಂತ್ರವು ಅವನ ಕೈಯಲ್ಲಿರುವ ಜಪಸರ.

ಎರಡನೆಯ ಪೂರ್ವಪಕ್ಷ: ಇದು ಸಂಯಮವಲ್ಲ, ಸ್ವಾರ್ಥ. ದಾರಿ ಕುಸಿದರೆ ತನಗೂ ನಷ್ಟವಾದುದರಿಂದ ಪ್ರತಿಯೊಬ್ಬನೂ ಹಿಂದೆ ಸರಿಯುತ್ತಾನೆ.

ಎಲ್ಲರೂ ಒಟ್ಟಾಗಿ ಕೆಡುವಾಗ ಈ ಮಾತು ಸಲ್ಲುತ್ತದೆ. ಆದರೆ ಉಳಿದವರೆಲ್ಲರೂ ಹಿಂದೆ ಸರಿಯುತ್ತಿರುವಾಗ ಒಬ್ಬನು ಮಾತ್ರ ಸರಿಯದಿದ್ದರೆ ಅವನಿಗೆ ನಷ್ಟವಿಲ್ಲ, ಲಾಭವೇ ಇದೆ. ಇತರರು ಬಿಟ್ಟುಕೊಟ್ಟ ತೆರವೆಲ್ಲವೂ ಅವನ ಪಾಲಾಗುವುದು. ಕೇವಲ ಸ್ವಾರ್ಥವೇ ನಿಯಾಮಕವಾಗಿದ್ದರೆ ಅಂಥವರು ಮೊದಲ ವರ್ಷದಲ್ಲಿಯೇ ತುಂಬಿಹೋಗಬೇಕಾಗಿತ್ತು, ಹಾಗಾಗಲಿಲ್ಲ. ಏಕೆಂಬುದಕ್ಕೆ ಉತ್ತರವು ಸರಳವಾಗಿದೆ, ಅಷ್ಟೇ ವಿಚಾರಯೋಗ್ಯವಾಗಿಯೂ ಇದೆ. ಆ ನಿಯಮಗಳನ್ನು 1988ರಲ್ಲಿ ಬರ್ಕ್ಲಿಯಿಂದ ಹಂಚಲಾದ ತಂತ್ರಾಂಶದೊಳಗೇ ಸೇರಿಸಿದ್ದರು. ಅದನ್ನು ಪಡೆದವರು ನಿಯಮವನ್ನೂ ಪಡೆದರು. ಅವರಿಂದ ಇತರರೂ ಅದನ್ನೇ ಅನುಸರಿಸಿ ಬರೆದರು. ಸಾವಿರದಲ್ಲೊಬ್ಬನಾದರೂ ಅದರ ಕಾರಣವನ್ನು ವಿಚಾರಿಸಿರಲಾರನು. ಕೆಲವರ ವಿವೇಕವು ಅನೇಕರಿಗೆ ಆಚಾರವಾಗಿ ಪರಿಣಮಿಸಿತು. ಊಟಕ್ಕೆ ಮೊದಲು ಕೈತೊಳೆಯುವ ಬಾಲಕನು ವೈದ್ಯಶಾಸ್ತ್ರವನ್ನು ಓದಿದವನಲ್ಲ. ಮನೆಯ ಹಿರಿಯರು ತೊಳೆಯುವುದನ್ನು ಕಂಡವನು. ಧರ್ಮಕ್ಕೆ ಶಿಷ್ಟಾಚಾರವನ್ನೂ ಒಂದು ಪ್ರಮಾಣವಾಗಿ ಪ್ರಾಚೀನರು ಎಣಿಸಿದುದರ ಔಚಿತ್ಯವು ಇದರಿಂದ ವ್ಯಕ್ತವಾಗುತ್ತದೆ. ಪ್ರತಿಯೊಬ್ಬನೂ ಪ್ರತಿಕ್ಷಣವೂ ವಿಚಾರಿಸಿ ಸಂಯಮಿಯಾಗಬೇಕೆಂದರೆ ಲೋಕವು ನಡೆಯದು. ಆಚಾರವು ಆ ಭಾರವನ್ನು ಹೊರುತ್ತದೆ.

ಮೂರನೆಯ ಪೂರ್ವಪಕ್ಷವು ದಂಡವಾದಿಗಳದು. ಅದನ್ನು ಲಘುವಾಗಿ ಎಣಿಸಕೂಡದು. ಆಚಾರವನ್ನು ನೆಚ್ಚಿಕೊಂಡು ಕುಳಿತರೆ ಆಚಾರಭ್ರಷ್ಟನಿಗೇ ಲಾಭವಾಗುತ್ತದೆ. ಕವಲುಗಳಲ್ಲಿಯೇ ಕಾವಲನ್ನು ಇಡಬಾರದೇಕೆ? ಹಿಂದೆ ಹೇಳಿದ ನೇಗಲ್ ಅವರು 1985ರಲ್ಲಿ ಇಂಥದೇ ಒಂದು ಉಪಾಯವನ್ನು ಸೂಚಿಸಿದರು. ಕವಲಿನಲ್ಲಿ ಎಲ್ಲರಿಗೂ ಒಂದೇ ಸಾಲು ಬೇಡ. ಕಳುಹಿಸುವ ಒಬ್ಬೊಬ್ಬನಿಗೂ ಬೇರೆ ಬೇರೆ ಸಾಲಿರಲಿ. ಪ್ರತಿಯೊಂದು ಸಾಲಿನಿಂದಲೂ ಸರದಿಯಂತೆ ಒಂದೊಂದು ಪ್ಯಾಕೆಟ್ಟನ್ನು ಬಿಡಲಿ. ಹಾಗೆ ಮಾಡಿದರೆ ಅತಿಯಾಗಿ ಕಳುಹಿಸಿದವನ ಸಾಲು ಮಾತ್ರ ಬೆಳೆದು ಅವನೇ ಕಾಯುವನು, ಇತರರಿಗೆ ತೊಂದರೆಯಿಲ್ಲ. ಸದಾಚಾರವೇ ಲಾಭಕರವಾಗುವಂತೆ ಆಟದ ನಿಯಮವನ್ನು ಮಾರ್ಪಡಿಸುವ ಈ ಯೋಚನೆಯು ನಿಜವಾಗಿಯೂ ಶ್ಲಾಘ್ಯ. ಮುಂದೆ ಅದರ ನಾನಾ ರೂಪಗಳು ಬಳಕೆಗೆ ಬಂದುವು.

ಆದರೂ ಇದರಿಂದ ಪ್ರಶ್ನೆಯು ಮುಗಿಯುವುದಿಲ್ಲ. ದಂಡವು ಎಣಿಸಬಲ್ಲುದನ್ನು ಮಾತ್ರ ಆಳಬಲ್ಲುದು. ಊಟದ ಪಂಕ್ತಿಯಲ್ಲಿ ಎಲೆಗೆ ಎರಡು ಹೋಳಿಗೆ ಎಂಬ ಕಟ್ಟಳೆಯಿದ್ದರೆ ಬಡಿಸುವವನು ಎಲೆಗಳನ್ನು ಎಣಿಸುವನು. ಒಬ್ಬನೇ ಹತ್ತು ಎಲೆಗಳನ್ನು ಹಾಸಿಕೊಂಡು ಕುಳಿತರೆ ಅವನಿಗೆ ಇಪ್ಪತ್ತು ಹೋಳಿಗೆಗಳು ದೊರೆಯುವುವು. ಕಟ್ಟಳೆಯು ಮುರಿದಿಲ್ಲ, ಆದರೆ ಪಂಕ್ತಿಯು ಕೆಟ್ಟಿತು. ಜಾಲದಲ್ಲಿ ಇದೇ ನಡೆಯಿತು. ಅರ್ಧಕ್ಕೆ ಇಳಿಯುವ ಕ್ರಮವು ಸಮನಾಗಿಸುವುದು ವ್ಯಕ್ತಿಗಳನ್ನಲ್ಲ, ಸಂಪರ್ಕಗಳನ್ನು. ಒಬ್ಬನು ಏಕಕಾಲದಲ್ಲಿ ಹತ್ತು ಸಂಪರ್ಕಗಳನ್ನು ತೆರೆದರೆ ಅವನಿಗೆ ಹತ್ತು ಪಾಲು. ಸಂಪರ್ಕಕ್ಕೊಂದರಂತೆ ಸಾಲುಗಳನ್ನು ಮಾಡಿದರೂ ಹತ್ತು ಸಾಲುಗಳು ಅವನವೇ. ಹತ್ತು ಎಲೆಗಳ ಹಿಂದೆ ಕುಳಿತಿರುವವನು ಒಬ್ಬನೆಂಬುದು ದಂಡಕ್ಕೆ ಕಾಣುವುದಿಲ್ಲ. 2007ರಲ್ಲಿ ಬಾಬ್ ಬ್ರಿಸ್ಕೋ ಎಂಬ ಇಂಗ್ಲಿಷ್ ವಿದ್ವಾಂಸರು ಈ ದೋಷವನ್ನು ಎತ್ತಿ ತೋರಿಸಿ, ಸಂಪರ್ಕಗಳ ನಡುವಿನ ಸಮತೆಯನ್ನು ನ್ಯಾಯವೆಂದು ಕರೆಯುವುದೇ ತಪ್ಪೆಂದು ಕಠಿನವಾಗಿ ವಾದಿಸಿದರು.

ಇದು ಕಲ್ಪನೆಯ ಭಯವಲ್ಲ. ಜಾಲದ ಪುಟಗಳನ್ನು ತೆರೆದು ತೋರಿಸುವ ಬ್ರೌಸರ್ ಎಂಬ ತಂತ್ರಾಂಶಗಳು ಒಂದು ತಾಣಕ್ಕೆ ಎರಡಕ್ಕಿಂತ ಹೆಚ್ಚು ಸಂಪರ್ಕಗಳನ್ನು ಏಕಕಾಲದಲ್ಲಿ ಇಟ್ಟುಕೊಳ್ಳಬಾರದೆಂದು 1997ರ ನಿಯಮಪತ್ರವು ಬುದ್ಧಿ ಹೇಳಿತು. 1999ರಲ್ಲಿ ಅದನ್ನೇ ಪುನರುಚ್ಚರಿಸಿತು. ಆದರೆ ಹೆಚ್ಚು ಸಂಪರ್ಕಗಳನ್ನು ತೆರೆದ ಬ್ರೌಸರಿನಲ್ಲಿ ಪುಟವು ಬೇಗ ಮೂಡುವುದು. ಬಳಸುವವನಿಗೆ ಅದೇ ಉತ್ತಮವೆಂದು ತೋರುವುದು. 2008ರ ಸುಮಾರಿಗೆ ಪ್ರಮುಖ ಬ್ರೌಸರುಗಳು ಎರಡರಿಂದ ಆರಕ್ಕೆ ಏರಿದುವು. ಒಬ್ಬರು ಏರಿದ ಮೇಲೆ ಇನ್ನೊಬ್ಬರು ಹಿಂದುಳಿಯುವುದು ಕಷ್ಟ. 2014ರ ನಿಯಮಪತ್ರವು ಸಂಖ್ಯೆಯನ್ನೇ ಕೈಬಿಟ್ಟು, ಮಿತವಾಗಿರಬೇಕೆಂಬ ಹಿತವಚನವನ್ನು ಮಾತ್ರ ಉಳಿಸಿಕೊಂಡಿತು. ಮೋಹದ ಕಾಲವು ಕಳೆದು ಲೋಭದ ಕಾಲವು ಬಂದ ಕ್ರಮವು ಹೀಗೆ. ಈ ಲೋಭವು ಕ್ರೂರವಾದುದಲ್ಲ. ಪುಟವು ಅರೆನಿಮಿಷ ಮೊದಲು ತೆರೆಯಲೆಂಬ ಸಣ್ಣ ಆಸೆ. ಸಾಮಾನ್ಯ ಸ್ವತ್ತುಗಳು ಹೆಚ್ಚಾಗಿ ಸವೆಯುವುದು ಇಂಥ ಸಣ್ಣ ಆಸೆಗಳಿಂದಲೇ.

ಕಥೆಯು ಅಲ್ಲಿಗೇ ನಿಂತಿದ್ದರೆ ದಂಡವಾದಿಗಳ ಪಕ್ಷವೇ ಗೆದ್ದಿತೆನ್ನಬೇಕಾಗುತ್ತಿತ್ತು. ಆದರೆ ಎಲೆಗಳನ್ನು ಹೆಚ್ಚಿಸುತ್ತ ಹೋದವರಿಗೇ ಅದರ ತೊಡಕು ತಿಳಿಯಿತು: ಒಂದೊಂದು ಸಂಪರ್ಕವೂ ಮೊದಲಿನಿಂದ ಮೆಲ್ಲಮೆಲ್ಲನೆ ತೊಡಗಬೇಕು, ಒಂದಕ್ಕೊಂದು ಅಡ್ಡವಾಗಬೇಕು. 2015ರಲ್ಲಿ ಹೊಸ ಕ್ರಮವೊಂದು ನಿಯಮವಾಗಿ ಬಂದಿತು. ಒಂದು ತಾಣಕ್ಕೆ ಒಂದೇ ಸಂಪರ್ಕವನ್ನು ತೆರೆದು, ಕೇಳಬೇಕಾದ ಎಲ್ಲವನ್ನೂ ಅದರೊಳಗೇ ಕೇಳಬಹುದೆಂಬುದು ಅದರ ಸಾರ. ಎಂದರೆ ಒಂದೇ ಎಲೆಯಲ್ಲಿ ಉಣ್ಣುವುದು. ಇದನ್ನು ಮಾಡಿದುದು ವೈರಾಗ್ಯದಿಂದಲ್ಲ, ಬಹುಪಾಲು ವೇಗದ ಆಸೆಯಿಂದಲೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಜಾಣ್ಮೆಯು ಒಮ್ಮೊಮ್ಮೆ ಧರ್ಮದ ದಾರಿಯಲ್ಲಿಯೇ ನಡೆಯುತ್ತದೆ; ಆದರೆ ಯಾವಾಗಲೂ ನಡೆಯುವುದೆಂದು ಅದನ್ನು ನಂಬಿ ಕೂರಲಾಗದು. ಮರುವರ್ಷ, ಎಂದರೆ 2016ರಲ್ಲಿ, ಬಿ.ಬಿ.ಆರ್. ಎಂಬ ಇನ್ನೊಂದು ಕ್ರಮವು ಪ್ರಕಟವಾಯಿತು. ಅದು ನಷ್ಟವನ್ನು ಮುಖ್ಯ ಸೂಚನೆಯೆಂದು ಎಣಿಸದೆ ದಾರಿಯ ಶಕ್ತಿಯನ್ನು ತಾನೇ ಅಳೆದು ನಡೆಯುತ್ತದೆ. ಅದರ ಮೊದಲ ರೂಪವು ಹಳೆಯ ಆಚಾರದವರೊಡನೆ ಒಂದೇ ದಾರಿಯಲ್ಲಿ ನಡೆದಾಗ ಕೆಲವು ಸಂದರ್ಭಗಳಲ್ಲಿ ತನ್ನ ನ್ಯಾಯವಾದ ಪಾಲಿಗಿಂತ ಹೆಚ್ಚನ್ನು ಪಡೆಯುವುದೆಂದು ಪರೀಕ್ಷಕರು ಕಂಡುಕೊಂಡರು. ರಚಿಸಿದವರು ಅದನ್ನು ಮುಂದೆ ತಿದ್ದತೊಡಗಿದರು. ತಿದ್ದಬೇಕೆಂದು ಅವರನ್ನು ಬಲಾತ್ಕರಿಸುವ ರಾಜಶಾಸನವಿರಲಿಲ್ಲ. ಅಳೆದು ನೋಡಿದವರು ಇದ್ದರು, ಬಹಿರಂಗವಾಗಿ ಹೇಳಿದವರು ಇದ್ದರು, ಕೇಳಿಕೊಂಡವರು ಇದ್ದರು.

ಈಗ ಸಿದ್ಧಾಂತವನ್ನು ಹೇಳಬಹುದು. ಕೃತಯುಗದ ಮಾತೂ ಸುಳ್ಳಲ್ಲ, ಮತ್ಸ್ಯನ್ಯಾಯದ ಮಾತೂ ಸುಳ್ಳಲ್ಲ. ದಂಡಧರನಿಲ್ಲದ ಸ್ವತ್ತು ಕ್ಷಣದಲ್ಲಿ ನಾಶವಾಗುವುದೆಂಬ ಭಯವು ಅತಿಯಾದುದು. 1988ರಿಂದ ಇಂದಿನವರೆಗೆ ಕೋಟಿಗಟ್ಟಲೆ ಅಪರಿಚಿತರು ಒಂದು ದಾರಿಯನ್ನು ಬಹುಮಟ್ಟಿಗೆ ಪರಸ್ಪರ ಸರಿದು ನಿಲ್ಲುವುದರಿಂದಲೇ ಹಂಚಿಕೊಂಡಿರುವುದು ಅದಕ್ಕೆ ಪ್ರತ್ಯಕ್ಷ ಪ್ರಮಾಣ. ಆದರೆ ಆ ಸಂಯಮವು ತಾನಾಗಿ ಬೆಳೆಯುವ ಹುಲ್ಲಲ್ಲ. ಅದಕ್ಕೆ ಮೂರು ಆಧಾರಗಳು ಬೇಕು. ಮೊದಲನೆಯದು ಜ್ಞಾನ: ತನಗೆ ಒದಗಿದ ತೊಡಕಿನಲ್ಲಿ ತನ್ನ ಪಾಲೆಷ್ಟೆಂದು ನೋಡಿಕೊಳ್ಳುವ ಬುದ್ಧಿ, ಇದಿಲ್ಲದಿದ್ದರೆ ಸಜ್ಜನರೇ ದಾರಿಯನ್ನು ಕಟ್ಟಿಬಿಡುವರು. ಎರಡನೆಯದು ಆಚಾರ: ಬಲ್ಲವರು ಕಂಡ ವಿವೇಕವು ಅರಿಯದವರ ಕೈಗೂ ಅಭ್ಯಾಸವಾಗಿ ಬರುವಂತೆ ಮಾಡುವ ವ್ಯವಸ್ಥೆ. ಮೂರನೆಯದು ಪಂಕ್ತಿದೃಷ್ಟಿ: ಎಲೆಯನ್ನಲ್ಲ, ಎಲೆಯ ಹಿಂದಿರುವ ಮನುಷ್ಯನನ್ನು ಎಣಿಸುವ ನ್ಯಾಯ. ಮೊದಲನೆಯದನ್ನು ಪಂಡಿತರು ಕೊಡಬಲ್ಲರು. ಎರಡನೆಯದನ್ನು ಸಂಸ್ಥೆಗಳ ಮೂಲಕ ಪಡೆಯಬಹುದು. ಕವಲಿನ ಕಾವಲು ಇವೆರಡಕ್ಕೂ ನೆರವಾಗಬಲ್ಲುದು. ಮೂರನೆಯದನ್ನು ಹತ್ತು ಎಲೆಗಳನ್ನು ಹಾಸಬಲ್ಲವನೇ ಕೊಡಬೇಕು. ಅವನು ಹಾಸಿಕೊಂಡರೆ ತಡೆಯುವವರಿಲ್ಲ. ಹಾಸಿಕೊಳ್ಳದಿದ್ದರೆ ಹೊಗಳುವವರೂ ಇಲ್ಲ.

ಆದಕಾರಣ ದಂಡವು ಎಲ್ಲಿಗೆ ಮುಗಿಯುವುದೋ ಅಲ್ಲಿಂದ ಮುಂದಕ್ಕೆ ಧರ್ಮದ ನಿಜವಾದ ಪರೀಕ್ಷೆಯು ಆರಂಭವಾಗುತ್ತದೆಂದು ತಿಳಿಯಬೇಕು. ಬಾವಿಯ ಕಟ್ಟೆಯಲ್ಲಿ, ಸಂತೆಯ ದಾರಿಯಲ್ಲಿ, ಚಿಕಿತ್ಸಾಲಯದ ಸಾಲಿನಲ್ಲಿ ಆ ಪರೀಕ್ಷೆಯು ಪ್ರತಿದಿನವೂ ನಡೆಯುತ್ತಿರುತ್ತದೆ. ಮನೆಯ ಮೂಲೆಯಲ್ಲಿ ಮಿನುಗುವ ಯಂತ್ರದೊಳಗೆ ಅದು ನಿಮಿಷನಿಮಿಷವೂ ನಡೆಯುತ್ತಿದೆ: ದಾರಿ ತುಂಬಿತೆಂಬ ಸೂಚನೆ ಬಂದಾಗ ಅದು ಅರ್ಧ ಹೆಜ್ಜೆ ಹಿಂದಕ್ಕೆ ಇಡುತ್ತದೆ, ಎಲ್ಲಿಯೋ ಇರುವ ಯಾರೋ ಒಬ್ಬರಿಗೆ ಅಷ್ಟು ತೆರವಾಗುತ್ತದೆ. ಹೀಗೆ ಹೆಜ್ಜೆ ಹಿಂದಿಡುವುದನ್ನು ಮನುಷ್ಯನು ಯಂತ್ರಕ್ಕೆ ಕಲಿಸಿದನು. ಕಲಿಸಿದವನೇ ಮರೆಯದಿದ್ದರೆ ಆ ದಾರಿಯು ಇನ್ನೂ ಬಹುಕಾಲ ನಡೆಯುವುದು.